ಸೂಪಾ ಮುಳುಗಿತು, ವಿಳಾಸ ಬದಲಾಯಿತು

ಹಳಬರು ಇಂದಿಗೂ ಜೋಯಿಡಾ ತಾಲ್ಲೂಕಿಗೆ ‘ಸೂಪಾ ತಾಲ್ಲೂಕು’ ಎನ್ನುವುದುಂಟು. ಆ ಸೂಪಾ ಊರು ಈಗ ಕಣ್ಣಿಗೆ ಕಾಣುವುದಿಲ್ಲ. ಗಣೇಶಗುಡಿಯ ಬಳಿ ಕಾಳಿ ನದಿಗೆ ಅಣೆಕಟ್ಟು ಎದ್ದಾಗ ಊರಿಗೆ ಊರೇ ಹಿನ್ನೀರಿನಡಿ ಸೇರಿತು. ಹೆಸರು ಅಣೆಕಟ್ಟಿಗೆ ಉಳಿಯಿತು. ತಾಲ್ಲೂಕಿನ ಕಚೇರಿ ಜೋಯಿಡಾದಲ್ಲಿದೆ. ದಾಂಡೇಲಿಯ ಕತೆ ಬೇರೆ. ಊರು ಇದ್ದಲ್ಲೇ ಇದೆ, ತಾಲ್ಲೂಕು ಮಾತ್ರ ಬದಲಾಯಿತು. ಹಳಿಯಾಳ ತಾಲ್ಲೂಕಿನಲ್ಲಿದ್ದ ದಾಂಡೇಲಿ, 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಇನ್ನೂ ಹಿಂದಕ್ಕೆ ಹೋದರೆ, 1956ರ ಅಕ್ಟೋಬರ್ 31ರ ರಾತ್ರಿ ಮುಂಬಯಿ ರಾಜ್ಯದಲ್ಲಿ ಮಲಗಿದ ಮುಂಡಗೋಡದ ರೈತ ಬೆಳಿಗ್ಗೆ ಎದ್ದದ್ದು ಮೈಸೂರು ರಾಜ್ಯದಲ್ಲಿ. 1973ರಲ್ಲಿ ಅದು ಕರ್ನಾಟಕವಾಯಿತು. ಮನೆ ಅದೇ, ಹಿತ್ತಲಿನ ಹಲಸಿನ ಮರವೂ ಅದೇ.

ಆ ರೈತ ತನ್ನ ವಿಳಾಸವನ್ನು ಹೊಸ್ತಿಲ ಕಲ್ಲಿನಲ್ಲಿ ಕೆತ್ತಿಸಿದ್ದರೆ ಪ್ರತಿ ಸಲವೂ ಹೊಸ್ತಿಲನ್ನೇ ಕೀಳಬೇಕಾಗುತ್ತಿತ್ತು. ಬಾಗಿಲಿಗೆ ಒಂದು ಪಾಟಿ ತೂಗುಹಾಕಿ ಅದರ ಮೇಲೆ ಬಳಪದಿಂದ ಬರೆದಿದ್ದರೆ? ಒರೆಸಿ ಬರೆದರಾಯಿತು. ಕಂಪ್ಯೂಟರ್ ಲೋಕದಲ್ಲಿ ಈ ಪಾಟಿಗೆ ‘ಎನ್ವಿರಾನ್‌ಮೆಂಟ್ ವೇರಿಯಬಲ್’ ಎನ್ನುತ್ತಾರೆ. ನಮ್ಮ ಗಣಿತ ಪುಸ್ತಕದ ಭಾಷೆಯಲ್ಲಿ ‘ಪರಿಸರ ಚರಾಕ್ಷರ’ ಎನ್ನಬಹುದು. (ನಮ್ಮ ಕಡೆ ತರಗತಿಯಲ್ಲಿ ‘ಪರಿಸರ’ ಎಂದರೆ ಸಾಕು, ಮಕ್ಕಳು ಹುಲಿ, ಮಂಗಟ್ಟೆ ಹಕ್ಕಿ ಎಂದು ಶುರು ಮಾಡುತ್ತಾರೆ. ಇಲ್ಲಿ ಪರಿಸರವೆಂದರೆ ಒಂದು ಪ್ರೋಗ್ರಾಂ ಓಡುವಾಗ ಅದರ ಸುತ್ತ ಇರುವ ಸಂಗತಿಗಳು, ಅಷ್ಟೆ.)

ಮೊದಲು ಡೇಟಾಬೇಸ್ ಸರ್ವರ್ ಎಂದರೇನು ನೋಡೋಣ. ತಾಲ್ಲೂಕು ಕಚೇರಿಯ ದಫ್ತರ ಕೋಣೆಯನ್ನು ನೆನೆಸಿಕೊಳ್ಳಿ. ಕಡತಗಳ ಕಟ್ಟುಗಳಿವೆ, ಕಿಟಕಿಯಲ್ಲಿ ಗುಮಾಸ್ತರಿದ್ದಾರೆ. ನೀವು ಕೇಳುತ್ತೀರಿ, ಅವರು ತೆಗೆದು ಕೊಡುತ್ತಾರೆ; ನೀವೇ ಒಳನುಗ್ಗಿ ಕಟ್ಟು ಬಿಚ್ಚುವಂತಿಲ್ಲ. ಡೇಟಾಬೇಸ್ ಸರ್ವರ್ ಅಂಥ ಗುಮಾಸ್ತ. ಅದರ ಬಳಿ ಹೋಗುವ ಪ್ರೋಗ್ರಾಂಗೆ ಐದು ವಿಷಯ ಗೊತ್ತಿರಬೇಕು: ಯಾವ ಕಚೇರಿ, ಯಾವ ಕಿಟಕಿ, ಯಾರ ಹೆಸರಿನಲ್ಲಿ, ಯಾವ ಕಟ್ಟು, ಗುಟ್ಟಿನ ಪದ ಯಾವುದು. ಪೋಸ್ಟ್‌ಗ್ರೆಸ್ ಎಂಬ ಹೆಸರಾಂತ ಡೇಟಾಬೇಸಿನಲ್ಲಿ ಇವಕ್ಕೆ ಅನುಕ್ರಮವಾಗಿ ಪಿಜಿಹೋಸ್ಟ್, ಪಿಜಿಪೋರ್ಟ್, ಪಿಜಿಯೂಸರ್, ಪಿಜಿಡೇಟಾಬೇಸ್, ಪಿಜಿಪಾಸ್‌ವರ್ಡ್ ಎಂಬ ಚರಾಕ್ಷರಗಳಿವೆ. ಅದರ ಕಿಟಕಿಯ ಸಂಖ್ಯೆ ಸಾಮಾನ್ಯವಾಗಿ 5432, ಮೈಎಸ್‌ಕ್ಯೂಎಲ್‌ನದು 3306. ಸರ್ವರ್‌ಗೂ ತನ್ನದೇ ಚೀಟಿಯುಂಟು. ಕಡತಗಳ ಕಟ್ಟು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂಬುದನ್ನು ಅದು ಪಿಜಿಡೇಟಾ ಎಂಬ ಚರಾಕ್ಷರದಿಂದ ತಿಳಿಯುತ್ತದೆ.

ಇದು ನಿನ್ನೆ ಮೊನ್ನೆಯ ಉಪಾಯವಲ್ಲ. 1979ರಲ್ಲಿ ಬಂದ ಯೂನಿಕ್ಸ್‌ನ ಏಳನೆಯ ಆವೃತ್ತಿಯಲ್ಲೇ ಇದು ಇತ್ತು. ಡಾಸ್ ಕಾಲದಲ್ಲಿ ಕಂಪ್ಯೂಟರ್ ಕಲಿತ ಪೋಷಕರಿಗೆ ‘ಪಾತ್’ ಮತ್ತು ‘ಸೆಟ್’ ಆದೇಶಗಳು ನೆನಪಿರಬಹುದು. ಅವೂ ಇದೇ ವಂಶದವು.

ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನೇ ನೋಡಿ. 2000ದ ಆಸುಪಾಸಿನಲ್ಲಿ ಆಗಿನ 177 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಹಳಿಯಾಳದಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದಾಗ ಆದದ್ದೂ ಮುಂಡಗೋಡದಲ್ಲಿ ಆದದ್ದೂ ಒಂದೇ ಕೆಲಸ. ಬೇರೆಯಾದದ್ದು ಊರು, ಸರ್ವೆ ನಂಬರು, ಮಾಲೀಕರ ಹೆಸರು. ಇಂಥ ಯೋಜನೆಯಲ್ಲಿ ತಾಲ್ಲೂಕಿಗೊಂದು ಪ್ರೋಗ್ರಾಂ ಬರೆಯುತ್ತ ಕುಳಿತರೆ ಆಯುಷ್ಯ ಸಾಲದು. ಜಾಗದಿಂದ ಜಾಗಕ್ಕೆ ಬದಲಾಗುವುದು ಪ್ರೋಗ್ರಾಮಿನ ಹೊರಗಿರಬೇಕು, ಬದಲಾಗದ್ದು ಒಳಗಿರಬೇಕು.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ, ಪೆಟ್ಟು ತಿಂದು ಬಂದದ್ದು. ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯೊಂದರಲ್ಲಿ, ಎಂಜಿನಿಯರಿಂಗ್ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಬಂದು ಅಂಕಪಟ್ಟಿಯ ಪ್ರೋಗ್ರಾಂ ಬರೆದುಕೊಟ್ಟ. ಚುರುಕು ಹುಡುಗ. ಶಾಲೆಯ ಸರ್ವರ್‌ನ ವಿಳಾಸ, ಪಾಸ್‌ವರ್ಡ್ ಎಲ್ಲವನ್ನೂ ಪ್ರೋಗ್ರಾಮಿನ ಒಂದು ಸಾಲಿನಲ್ಲೇ ಬರೆದಿದ್ದ. ನಾನು ನೋಡಿ ‘ಭೇಷ್’ ಎಂದಿದ್ದೆ. ಮುಂದಿನ ರಜೆಯಲ್ಲಿ ಅದನ್ನು ಸುಧಾರಿಸಲು ತನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡ. ಪ್ರಯೋಗಕ್ಕೆಂದು ಹಳೆಯ ಅಂಕಗಳನ್ನೆಲ್ಲ ಅಳಿಸಿ ಸುಳ್ಳು ಅಂಕಗಳನ್ನು ತುಂಬುವ ಒಂದು ಸಣ್ಣ ಪ್ರೋಗ್ರಾಂ ಬರೆದ. ಆ ದಿನ ಅವನು ಕುಳಿತದ್ದು ಶಾಲೆಯ ಕೋಣೆಯಲ್ಲಿ, ಶಾಲೆಯ ಜಾಲಕ್ಕೆ ಸೇರಿಕೊಂಡು. ವಿಳಾಸ ಕಲ್ಲಿನಲ್ಲಿ ಕೆತ್ತಿತ್ತಲ್ಲ! ಪ್ರಯೋಗದ ಪ್ರೋಗ್ರಾಂ ಸೀದಾ ನಿಜವಾದ ಸರ್ವರ್‌ಗೆ ಹೋಯಿತು. ಒಂಬತ್ತನೆಯ ತರಗತಿಯ ಎರಡು ಪರೀಕ್ಷೆಗಳ ಅಂಕಗಳು ಕಣ್ಣು ಮಿಟುಕಿಸುವುದರಲ್ಲಿ ಮಾಯ.

ಕಾಗದದ ಲೆಡ್ಜರ್ ಇದ್ದದ್ದರಿಂದ ಬಚಾವಾದೆವು. ಮೂವರು ಶಿಕ್ಷಕರು ನಾಲ್ಕು ಸಂಜೆ ಕುಳಿತು ಮತ್ತೆ ತುಂಬಿದೆವು. ಒಂದು ಪುಟಕ್ಕೆ ಮಾತ್ರ ಮಳೆ ನೀರು ತಾಗಿ ಶಾಯಿ ಕದಡಿತ್ತು. ಜೋಯಿಡಾ ಕಡೆಯ ಒಬ್ಬ ಹುಡುಗಿಯ ಹಿಂದಿ ಅಂಕ ಓದಲಾಗಲಿಲ್ಲ. ‘ನಲವತ್ತೊಂದು ಸರ್’ ಎಂದಳು. ಬಾಯಿಮಾತಿನ ಮೇಲೆ ಬರೆದುಕೊಳ್ಳಲು ನಾನು ಒಪ್ಪಲಿಲ್ಲ. ಮಗು ಅತ್ತಿತು. ಮರುದಿನ ಅವಳ ತಂದೆ ಕೂಲಿ ಬಿಟ್ಟು, ಬಸ್ಸು ಹಿಡಿದು, ಟ್ರಂಕಿನಲ್ಲಿಟ್ಟಿದ್ದ ಉತ್ತರಪತ್ರಿಕೆಯನ್ನು ಮಡಿಚಿ ತಂದರು. ನಲವತ್ತೊಂದೇ ಇತ್ತು. ನಾನು ತಲೆಯೆತ್ತಿ ಮಾತಾಡಲಿಲ್ಲ.

ಅನಂತರ ಹುಡುಗ ಆ ಸಾಲನ್ನು ಅಳಿಸಿ, ವಿಳಾಸವನ್ನು ಪರಿಸರದಿಂದ ಓದಿಕೊಳ್ಳುವಂತೆ ಮಾಡಿದ. ಶಾಲೆಯ ಕಂಪ್ಯೂಟರಿನಲ್ಲಿ ಪಿಜಿಹೋಸ್ಟ್ ಎಂದರೆ ಶಾಲೆಯ ಸರ್ವರ್. ಅವನ ಲ್ಯಾಪ್‌ಟಾಪಿನಲ್ಲಿ ಪಿಜಿಹೋಸ್ಟ್ ಎಂದರೆ ‘ಲೋಕಲ್‌ಹೋಸ್ಟ್’, ಅಂದರೆ ಅದೇ ಲ್ಯಾಪ್‌ಟಾಪು. ಪ್ರೋಗ್ರಾಂ ಎರಡೂ ಕಡೆ ಒಂದೇ. ಜೊತೆಗೆ ಇನ್ನೊಂದು ಬಿಗಿ ಹಾಕಿಸಿದೆ. ಚರಾಕ್ಷರ ಸಿಗದಿದ್ದರೆ ತನಗೆ ತೋಚಿದ ವಿಳಾಸ ಹಿಡಿಯಕೂಡದು. ‘ವಿಳಾಸ ಹೇಳಿಲ್ಲ’ ಎಂದು ಪ್ರೋಗ್ರಾಂ ನಿಂತುಬಿಡಬೇಕು. ಅನುಕೂಲಕ್ಕೆಂದು ಊಹೆ ಮಾಡುವ ಪ್ರೋಗ್ರಾಮಿಗಿಂತ ಹಟ ಹಿಡಿದು ನಿಲ್ಲುವ ಪ್ರೋಗ್ರಾಂ ವಾಸಿ.

ಇದು ಕೆಲಸ ಮಾಡುವ ರೀತಿ ಅರ್ಥವಾಗಬೇಕಾದರೆ ಮಗುವಿನ ಬುತ್ತಿಚೀಲವನ್ನು ನೆನೆಯಿರಿ. ಶಾಲೆಗೆ ಹೊರಡುವ ಹೊತ್ತಿಗೆ ತಾಯಿ ಚೀಲ ತುಂಬಿ ಕೊಡುತ್ತಾಳೆ. ಮಗು ಹೊರಟ ಮೇಲೆ ಮನೆಯಲ್ಲಿ ಪಾಯಸ ಮಾಡಿದರೆ ಅದು ಚೀಲಕ್ಕೆ ಬಂದು ಸೇರುವುದಿಲ್ಲ. ಮಗು ಗೆಳೆಯನಿಗೆ ಚಪಾತಿ ಕೊಟ್ಟು ಅವಲಕ್ಕಿ ಪಡೆದರೆ ಮನೆಯ ಡಬ್ಬಿಯಲ್ಲಿ ಏನೂ ಬದಲಾಗುವುದಿಲ್ಲ. ಹಾಗೆಯೇ ಪ್ರೋಗ್ರಾಂ ಹೊರಡುವಾಗ ಅದಕ್ಕೆ ಚರಾಕ್ಷರಗಳ ಒಂದು ನಕಲು ಸಿಗುತ್ತದೆ. ಓಡುತ್ತಿರುವ ಸರ್ವರ್‌ನ ಹೊರಗೆ ಕುಳಿತು ಚರಾಕ್ಷರ ಬದಲಿಸಿ, ‘ಏನೂ ಆಗಲಿಲ್ಲವಲ್ಲ’ ಎಂದು ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗಳು ಬಹಳ. ಸರ್ವರ್ ನಿಲ್ಲಿಸಿ ಮತ್ತೆ ಹೊರಡಿಸಬೇಕು.

ಆದರೆ ಒಂದು ಕಡೆ ನಿಲ್ಲಿಸಿ ಹೊರಡಿಸಿದರೂ ಸಾಲದು. ಈಗ ಕಾಲೇಜು ಮಕ್ಕಳು ಡೇಟಾಬೇಸನ್ನು ಡಾಕರ್ ಎಂಬ ಸಾಧನದ ಮೂಲಕ ಓಡಿಸುತ್ತಾರೆ. 2013ರಲ್ಲಿ ಬಂದ ಇದು ಸರ್ವರನ್ನು ಬೇಕಾದ ಸಾಮಾನಿನ ಸಮೇತ ಒಂದು ಪೆಟ್ಟಿಗೆಯಲ್ಲಿ ಕಟ್ಟಿಕೊಡುತ್ತದೆ. ಪೋಸ್ಟ್‌ಗ್ರೆಸ್ ಪೆಟ್ಟಿಗೆಗೆ ‘ಪೋಸ್ಟ್‌ಗ್ರೆಸ್ ಪಾಸ್‌ವರ್ಡ್’ ಎಂಬ ಚರಾಕ್ಷರವನ್ನು ಹೇಳಬೇಕು, ಇಲ್ಲದಿದ್ದರೆ ಹೊಸ ಸರ್ವರ್ ಸಾಮಾನ್ಯವಾಗಿ ಏಳುವುದೇ ಇಲ್ಲ. ಬಳಕೆದಾರನ ಹೆಸರು, ಡೇಟಾಬೇಸಿನ ಹೆಸರುಗಳಿಗೂ ಚರಾಕ್ಷರಗಳಿವೆ. ತೊಡಕು ಇಲ್ಲಿದೆ: ಇವು ಕೆಲಸ ಮಾಡುವುದು ದತ್ತಾಂಶದ ಜಾಗ ಖಾಲಿ ಇದ್ದಾಗ, ಮೊದಲ ಸಲ ಮಾತ್ರ. ತೊಟ್ಟಿಲಲ್ಲಿಟ್ಟು ಕಿವಿಯಲ್ಲಿ ಹೆಸರು ಊದಿದ ಹಾಗೆ. ಆಮೇಲೆ ಬೇರೆ ಹೆಸರು ಎಷ್ಟು ಕೂಗಿದರೂ ಮಗು ತಿರುಗಿ ನೋಡದು.

ಅದೇ ಹುಡುಗ ಒಮ್ಮೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. ‘ಸರ್, ಪಾಸ್‌ವರ್ಡ್ ಬದಲಿಸಿದೆ, ಹಳೆಯದನ್ನೇ ಕೇಳುತ್ತಿದೆ. ಡೇಟಾ ಇರುವ ವಾಲ್ಯೂಮ್ ಅಳಿಸಿ ಮತ್ತೆ ಶುರು ಮಾಡಿದರೆ ಸರಿಹೋಗುತ್ತದಂತೆ.’ ಸರಿಯೇನೋ ಹೋಗುತ್ತದೆ, ಜೊತೆಗೆ ಅಂಕಗಳೂ ಹೋಗುತ್ತವೆ! ಮುಟ್ಟಬೇಡ ಎಂದು ಕೂಗಿದೆ. ಹಳೆಯ ಪಾಸ್‌ವರ್ಡ್‌ನಿಂದ ಒಳಗೆ ಹೋಗಿ ‘ಆಲ್ಟರ್ ಯೂಸರ್’ ಎಂಬ ಆದೇಶ ಕೊಟ್ಟು ಹೊಸದನ್ನು ಇಡುವುದು ಕ್ರಮ. ಎರಡು ನಿಮಿಷದ ಕೆಲಸ.

ಪರಿಸರವನ್ನು ತಿಜೋರಿ ಎಂದು ತಿಳಿಯುವುದೂ ತಪ್ಪು. ಪ್ರೋಗ್ರಾಮಿನಲ್ಲಿ ಪಾಸ್‌ವರ್ಡ್ ಬರೆದರೆ ಅದನ್ನು ಪೆನ್‌ಡ್ರೈವಿನಲ್ಲಿ ಪಡೆದ ಪ್ರತಿಯೊಬ್ಬ ಗೆಳೆಯನಿಗೂ, ಪ್ರಾಜೆಕ್ಟ್ ವರದಿಗೆ ಅಚ್ಚು ಹಾಕಿದರೆ ಗ್ರಂಥಾಲಯಕ್ಕೆ ಬಂದವರೆಲ್ಲರಿಗೂ ಸಿಗುತ್ತದೆ. ಆ ಮಟ್ಟಿಗೆ ಪಾಟಿ ಎಷ್ಟೋ ಮೇಲು. ಆದರೂ ಅದೇ ಯಂತ್ರದ ಮೇಲ್ವಿಚಾರಕನಿಗೆ ಅದು ಕಾಣುತ್ತದೆ. ಪಿಜಿಪಾಸ್‌ವರ್ಡ್ ಬಳಕೆಯನ್ನು ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಪ್ರೋತ್ಸಾಹಿಸುವುದಿಲ್ಲ. ಒಡೆಯನೊಬ್ಬನೇ ಓದಬಲ್ಲ ಪ್ರತ್ಯೇಕ ಕಡತದಲ್ಲಿ ಗುಟ್ಟನ್ನಿಡಿ ಎನ್ನುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಇಂದೇ ನೋಡಬಹುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸೆಟ್’ ಎಂದೂ ಲಿನಕ್ಸ್‌ನ ಟರ್ಮಿನಲ್‌ನಲ್ಲಿ ‘ಎನ್ವ್’ ಎಂದೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಉದ್ದದ ಪಟ್ಟಿ ಬರುತ್ತದೆ. ಪೋಷಕರು ಪಕ್ಕದಲ್ಲಿ ಕುಳಿತು ‘ಇದು ಏನು, ಇದು ಯಾರಿಗೆ’ ಎಂದು ಒಂದೊಂದೇ ಕೇಳಲಿ. ಮಕ್ಕಳಿಗೆ ಅರ್ಧದಷ್ಟಕ್ಕೆ ಉತ್ತರ ಹೊಳೆದರೂ ಆ ಸಂಜೆ ಸಾರ್ಥಕ.

ನಮ್ಮ ಅಂಕಪಟ್ಟಿ ಆಮೇಲೆ ಸುರಳೀತವಾಗಿ ನಡೆಯಿತು. ಹುಡುಗ ತೆರೆಯ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ‘ಶಾಲೆ’ ಅಥವಾ ‘ಪ್ರಯೋಗ’ ಎಂದು ಸದಾ ಕಾಣುವಂತೆ ಮಾಡಿದ್ದ. ಲೆಡ್ಜರನ್ನು ಮಾತ್ರ ನಾವು ಶಾಯಿಯಲ್ಲಿ ಬರೆಯುವುದನ್ನು ಬಿಡಲಿಲ್ಲ. ಮಳೆಯ ಎರಚಲು ತಾಗದ ಹಾಗೆ ಬೀರುವಿನ ಮೇಲಿನ ಅರೆಗೆ ಏರಿಸಿದೆವು.