ಪದವಿಯಿಂದಾಚೆಯ ವ್ಯಾಸಂಗ

ಪದವಿಯನ್ನು ಪಡೆದ ಮೇಲೆಯೂ ಓದನ್ನು ಮುಂದುವರಿಸುವ ತರುಣ ತರುಣಿಯರನ್ನು ನಾವು ಗೌರವದಿಂದ ಕಾಣುತ್ತೇವೆ. ಆದರೆ ಅವರು ಅಲ್ಲಿ ಏನನ್ನು ಕಲಿಯಬೇಕು, ಕಲಿತುದು ಯಾರಿಗೆ ಒದಗಬೇಕು ಎಂದು ವಿಚಾರಮಾಡುವುದು ಕಡಮೆ. ಬಾಳಿನ ಹುರುಪಿನ ನಾಲ್ಕೈದು ವರ್ಷಗಳನ್ನು ಅವರು ಈ ವ್ಯಾಸಂಗಕ್ಕೆ ಧಾರೆಯೆರೆಯುತ್ತಾರೆ. ಸರ್ಕಾರದ ವಿದ್ಯಾಲಯಗಳಲ್ಲಿ ಅದರ ವೆಚ್ಚದ ದೊಡ್ಡ ಪಾಲನ್ನು ಪ್ರಜೆಗಳು ತೆರುತ್ತಾರೆ. ಆದುದರಿಂದ ಈ ವಿಚಾರವು ವಿದ್ವಾಂಸರಿಗೆ ಮಾತ್ರ ಸೇರಿದುದಲ್ಲ.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯನ್ನು ಅನುಸರಿಸಿದುವು. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪರೀಕ್ಷೆ ನಡಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯದ ಕೆಲಸ. ಬೋಧನೆಯೂ ಸಂಶೋಧನೆಯೂ ಒಂದೇ ಸೂರಿನಡಿ ನಡೆಯಬೇಕೆಂಬ ತತ್ತ್ವದ ಮೇಲೆ 1810ರಲ್ಲಿಯೇ ಬರ್ಲಿನ್ನಿನಲ್ಲಿ ಒಂದು ವಿಶ್ವವಿದ್ಯಾನಿಲಯವು ಆರಂಭವಾಗಿದ್ದರೂ, ಆ ತತ್ತ್ವವು ನಮ್ಮಲ್ಲಿ ಬೇರೂರಲು ಬಹಳ ಕಾಲ ಹಿಡಿಯಿತು. ಮೈಸೂರು ಸಂಸ್ಥಾನವು ಕೊಟ್ಟ ನೆಲದಲ್ಲಿ ಬೆಂಗಳೂರಿನ ವಿಜ್ಞಾನಮಂದಿರವು 1911ರಲ್ಲಿ ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. 1917ರಲ್ಲಿ ಆಶುತೋಷ ಮುಖರ್ಜಿಯವರ ಪ್ರಯತ್ನದಿಂದ ಕಲ್ಕತ್ತ ವಿಶ್ವವಿದ್ಯಾನಿಲಯವೇ ಉನ್ನತ ತರಗತಿಗಳ ಬೋಧನೆಯನ್ನು ಕೈಗೊಂಡಿತು.

ಆ ವರ್ಷವೇ ಅಲ್ಲಿ ಪ್ರಾಧ್ಯಾಪಕರಾದವರು ಸಿ. ವಿ. ರಾಮನ್. 1921ರ ಹಡಗಿನ ಪ್ರಯಾಣದಲ್ಲಿ, ಸಮುದ್ರದ ನೀರು ನೀಲಿಯಾಗಿರುವುದೇಕೆಂಬ ಪ್ರಶ್ನೆ ಅವರನ್ನು ಹಿಡಿಯಿತು. ಕೆ. ಎಸ್. ಕೃಷ್ಣನ್ ಮೊದಲಾದ ಶಿಷ್ಯರೊಡನೆ ಅದರ ಬೆನ್ನುಹತ್ತಿ, 1928ರ ಫೆಬ್ರವರಿ 28ರಂದು ಬೆಳಕಿನ ಚದರಿಕೆಯ ಒಂದು ಹೊಸ ಗುಣವನ್ನು ಕಂಡರು. ಇಂದು ಔಷಧಗಳನ್ನೂ ರತ್ನಗಳನ್ನೂ ಪರೀಕ್ಷಿಸಲು ಅದು ಉಪಯೋಗಕ್ಕೆ ಬರುತ್ತಿದೆ. ಇಲ್ಲಿ ಶಿಷ್ಯನು ಗುರುವಿಗೆ ಉತ್ತರವನ್ನು ಒಪ್ಪಿಸಲಿಲ್ಲ. ಇಬ್ಬರಿಗೂ ತಿಳಿಯದ ಉತ್ತರವನ್ನು ಇಬ್ಬರೂ ಕೂಡಿ ಹುಡುಕಿದರು. ಉನ್ನತ ವ್ಯಾಸಂಗದ ತಿರುಳು ಇದೇ.

ಈಚಿನ ಸುಧಾರಣೆಗಳಾದರೋ ಹೆಚ್ಚಾಗಿ ವರ್ಷಗಳ ಲೆಕ್ಕವನ್ನು ಕುರಿತವು. 2020ರ ರಾಷ್ಟ್ರೀಯ ನೀತಿಯು ಎಂ.ಫಿಲ್. ಪದವಿಯನ್ನು ನಿಲ್ಲಿಸಿತು, ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಎಂ.ಎ. ಸಾಕೆಂದಿತು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯು 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಪಾತ್ರೆಯ ಅಳತೆಯನ್ನು ಬದಲಾಯಿಸಿದ ಮಾತ್ರಕ್ಕೆ ಅಡಿಗೆಯ ರುಚಿ ಬದಲಾಗುವುದೆ?

ಬದಲಾದುದು ಪ್ರಪಂಚ. ಸಂಶೋಧನೆ ಮುಗಿಸಿದವರೆಲ್ಲರೂ ಈಗ ಅಧ್ಯಾಪಕರಾಗುವುದಿಲ್ಲ. ಕೈಗಾರಿಕೆ, ಆಸ್ಪತ್ರೆ, ಆಡಳಿತಗಳಿಗೂ ಹೋಗುತ್ತಾರೆ. ಹತ್ತು ಗ್ರಂಥಗಳ ಸಾರವನ್ನು ಕ್ಷಣದಲ್ಲಿ ಬರೆದು ಕೊಡುವ ಗಣಕಯಂತ್ರಗಳೂ ಬಂದಿವೆ. ಹೀಗಿರಲು, ಪರರ ಮಾತಿನ ಸಂಗ್ರಹವನ್ನು ವಿದ್ವತ್ತಿನ ಪ್ರಮಾಣವೆಂದು ನಾವು ಇನ್ನು ಒಪ್ಪಲಾಗದು.

ಒಂದು ಉದಾಹರಣೆಯನ್ನು ನೋಡೋಣ. ಒಂದು ಊರಿನ ಕೆರೆ ಏಕೆ ಬತ್ತಿತೆಂಬುದನ್ನು ವಿದ್ಯಾರ್ಥಿನಿಯೊಬ್ಬಳು ಆರಿಸಿಕೊಂಡಳೆನ್ನಿ. ಅವಳಿಗೆ ಭೂಗರ್ಭಶಾಸ್ತ್ರ ಬೇಕು. ಕೆರೆಯನ್ನು ಕಟ್ಟಿಸಿದವರ ಶಾಸನವನ್ನು ಓದಬೇಕು. ಮಳೆಯ ಲೆಕ್ಕಕ್ಕೆ ಸಂಖ್ಯಾಶಾಸ್ತ್ರ ಬೇಕು. ತೂಬಿನ ನೀರನ್ನು ಹಂಚುತ್ತಿದ್ದ ನೀರಗಂಟಿಯ ಅನುಭವವನ್ನು ಕೇಳಿ ತಿಳಿಯಬೇಕು. ಇವೆಲ್ಲವೂ ಒಂದೇ ಶಾಖೆಯಲ್ಲಿ ದೊರೆಯತಕ್ಕವಲ್ಲ. ಆದುದರಿಂದ ಒಂದು ಶಾಖೆಯಲ್ಲಿ ಆಳವನ್ನೂ, ನೆರೆಯ ಶಾಖೆಗಳಿಗೆ ಹೋಗಿಬರುವ ದಾರಿಯನ್ನೂ ವಿಶ್ವವಿದ್ಯಾನಿಲಯವು ಅವಳಿಗೆ ಕಲ್ಪಿಸಿಕೊಡಬೇಕು. ಪರೀಕ್ಷಕರು ಪ್ರಬಂಧದ ಪುಟಗಳನ್ನು ಎಣಿಸದೆ, ಅವಳನ್ನು ಎದುರು ಕೂರಿಸಿಕೊಂಡು, ಈ ನಿರ್ಣಯಕ್ಕೆ ಹೇಗೆ ಬಂದೆ, ಎಲ್ಲಿ ಸಂದೇಹ ಉಳಿದಿದೆ ಎಂದು ಕೇಳಬೇಕು. ಕೊನೆಯದಾಗಿ, ಕಂಡುದನ್ನು ಆ ಊರಿನವರಿಗೆ ತಿಳಿಯುವ ಕನ್ನಡದಲ್ಲಿ ಹೇಳುವ ಶಕ್ತಿಯೂ ಅವಳ ಶಿಕ್ಷಣದ ಭಾಗವಾಗಬೇಕು.

ಇದಕ್ಕೆ ಹೊಸ ಪದವಿಗಳ ಹೆಸರು ಬೇಡ; ಶಿಷ್ಯರಿಗೆ ಹೊತ್ತು ಕೊಡಬಲ್ಲಷ್ಟು ಅಧ್ಯಾಪಕರು ಬೇಕು, ಖಾಲಿ ಬಿದ್ದ ಅವರ ಸ್ಥಾನಗಳು ತುಂಬಬೇಕು. ಪ್ರಬಂಧವು ಪುಸ್ತಕಭಂಡಾರದ ಕಪಾಟನ್ನು ಸೇರುವುದು ಸುಲಭ. ಅದು ಕೆರೆಯ ಏರಿಯ ವರೆಗೆ ನಡೆದುಹೋಗುವಂತೆ ಮಾಡುವುದೇ ನಮ್ಮ ಮುಂದಿರುವ ಕೆಲಸ.