ಅಕ್ಕನ ಸಂಬಳ ಏರಿತು, ಕೆಲಸ ಇನ್ನೂ ‘ಅತಿಥಿ’ಯೇ

ನಮ್ಮಕ್ಕ ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡ್ತಾಳೆ. 2012ರಿಂದ ಮಾಡ್ತಿದ್ದಾಳೆ. ಕೆ-ಸೆಟ್ ಪಾಸಾಗಿದೆ. ಅವಳ ಹತ್ತಿರ ಓದಿದ ಹುಡುಗರು ಈಗ ಪೊಲೀಸ್ ಇಲಾಖೆಯಲ್ಲಿದ್ದಾರೆ, ಬ್ಯಾಂಕಿನಲ್ಲಿದ್ದಾರೆ. ದಾಖಲೆಯಲ್ಲಿ ಮಾತ್ರ ಅವಳು ಇವತ್ತಿಗೂ ‘ಅತಿಥಿ ಉಪನ್ಯಾಸಕಿ’. ಅತಿಥಿ ಅಂದ್ರೆ ಬಂದು, ಉಂಡು, ಎಲೆ-ಅಡಿಕೆ ಹಾಕ್ಕೊಂಡು ಹೊರಡೋರು. ಇಷ್ಟು ವರ್ಷ ಕೂತ ಅತಿಥಿಯನ್ನ ಯಾರಾದ್ರೂ ನೋಡಿದ್ದೀರಾ?

ನಾವಿಬ್ಬರೂ ಯಲಹಂಕ ನ್ಯೂ ಟೌನ್‌ನಲ್ಲಿ ಹತ್ತಿರ ಹತ್ತಿರದ ರಸ್ತೆಗಳಲ್ಲೇ ಇರೋದು. ನಾನು ಹೆಬ್ಬಾಳದ ಕಡೆ ಬಸ್ ಹತ್ತೋ ಐಟಿ ನೌಕರಳು. ನನಗೆ ಪಿಎಫ್ ಇದೆ, ಕಂಪನಿ ತೆಗೆದು ಹಾಕೋದಾದ್ರೂ ನೋಟಿಸ್ ಪಿರಿಯಡ್ ಇದೆ. ಅಕ್ಕನಿಗೆ ಶೈಕ್ಷಣಿಕ ವರ್ಷ ಮುಗಿದ ಕೂಡಲೇ ಕೆಲಸವೂ ಮುಗೀತು. ಮುಂದಿನ ವರ್ಷಕ್ಕೆ ಮತ್ತೆ ಆನ್‌ಲೈನ್ ಅರ್ಜಿ, ಮತ್ತೆ ಕೌನ್ಸೆಲಿಂಗ್. ನಡುವಿನ ತಿಂಗಳುಗಳಲ್ಲಿ ಸಂಬಳ ಇಲ್ಲ. ಹೋದ ಸಲ ಅಕ್ಕ-ಭಾವ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ವರ್ಷವೂ ಕೆಲಸ ಇರುತ್ತೆ ಅನ್ನೋ ಕಾಗದ ಇದೆಯಾ ಮೇಡಂ?" ಆ ಕಾಗದ ಅವಳ ಹತ್ತಿರ ಇಲ್ಲ. ಸಾಲ ಭಾವನ ಹೆಸರಲ್ಲೇ ಆಯ್ತು, ಕೇಳಿದ್ದರಲ್ಲಿ ಅರ್ಧ.

"ಮುಷ್ಕರ ಮಾಡಿ ಸಂಬಳ ಜಾಸ್ತಿ ಮಾಡಿಸ್ಕೊಂಡ್ರಲ್ಲ, ಇನ್ನೇನು?" ಅಂತ ನನ್ನ ಆಫೀಸಿನವರು ಕೇಳ್ತಾರೆ. ಅದಕ್ಕೇ ಈ ಲೆಕ್ಕ ಬರೀತಿದ್ದೀನಿ.

ರಾಜ್ಯದಲ್ಲಿ 430ರಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಪಾಠದ ದೊಡ್ಡ ಪಾಲು ನಡೆಸ್ತಿರೋದು ಅತಿಥಿ ಉಪನ್ಯಾಸಕರೇ. 2021ರ ಡಿಸೆಂಬರ್‌ನಲ್ಲಿ ಇವರು ತರಗತಿ ಬಹಿಷ್ಕರಿಸಿ ಬೀದಿಗಿಳಿದಾಗ ನೆಟ್, ಸೆಟ್ ಅಥವಾ ಪಿಎಚ್‌ಡಿ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000 ಸಿಗ್ತಿತ್ತು. 2022ರ ಜನವರಿಯಲ್ಲಿ ಆಗಿನ ಉನ್ನತ ಶಿಕ್ಷಣ ಸಚಿವ ಸಿ.ಎನ್. ಅಶ್ವತ್ಥನಾರಾಯಣ ಹೊಸ ದರ ಪ್ರಕಟಿಸಿದರು. ಅರ್ಹತೆ, ಅನುಭವ ನೋಡಿ 26,000ದಿಂದ 32,000 ರೂಪಾಯಿ. ಅಕ್ಕನಿಗೆ 32,000 ಬಂತು. ಮನೆಯಲ್ಲಿ ಹೋಳಿಗೆ ಮಾಡಿದ್ವಿ.

ಆದರೆ ಅದೇ ಆದೇಶದಲ್ಲಿ ಇನ್ನೊಂದು ಸಾಲಿತ್ತು. ವಾರಕ್ಕೆ 8ರಿಂದ 10 ಗಂಟೆ ಇದ್ದ ಪಾಠದ ಹೊರೆ 15 ಗಂಟೆಗೆ ಏರಿತು. ಅಕ್ಕ ಮೊದಲು ವಾರಕ್ಕೆ 8 ಗಂಟೆ ತಗೋತಿದ್ಲು. ತಿಂಗಳಿಗೆ 32 ಗಂಟೆ, ಅಂದ್ರೆ ಗಂಟೆಗೆ ಸುಮಾರು 406 ರೂಪಾಯಿ. ಹೊಸ ಲೆಕ್ಕದಲ್ಲಿ ತಿಂಗಳಿಗೆ 60 ಗಂಟೆ, ಗಂಟೆಗೆ ಸುಮಾರು 533. ಕೈಗೆ ಬರೋ ದುಡ್ಡು ಎರಡೂವರೆ ಪಟ್ಟು ಹತ್ತಿರ ಆಯ್ತು. ಒಂದು ಗಂಟೆಯ ಬೆಲೆ ಏರಿದ್ದು ಮೂರನೇ ಒಂದು ಭಾಗದಷ್ಟು ಮಾತ್ರ.

ಹೆಚ್ಚಾದ ಆ ಏಳು ಗಂಟೆ ಎಲ್ಲಿಂದ ಬಂತು? ಮಕ್ಕಳ ಸಂಖ್ಯೆ ರಾತ್ರೋರಾತ್ರಿ ಏರಲಿಲ್ಲ. ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರಿಗೆ ಹೋಯ್ತು, ಅಷ್ಟೇ. ಮೊದಲ ಮುಷ್ಕರದ ಹೊತ್ತಿಗೆ 14,000 ದಾಟಿದ್ದ ಅತಿಥಿ ಉಪನ್ಯಾಸಕರು ಎರಡು ವರ್ಷದ ನಂತರ 10,000 ಚಿಲ್ಲರೆ ಉಳಿದಿದ್ದರು. ಅಕ್ಕನ ಜೊತೆ ಒಂದೇ ಟೇಬಲ್ಲಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ ಗೆಳತಿಗೂ ಆ ವರ್ಷ ಕೆಲಸ ಸಿಗಲಿಲ್ಲ. "ನನ್ನ ಇನ್‌ಕ್ರಿಮೆಂಟ್ ಅವಳ ಸಂಬಳ ಕಣೇ" ಅಂತ ಅಕ್ಕ ಒಂದೇ ಸಲ ಅಂದಿದ್ದು. ಮತ್ತೆ ಆ ಮಾತೆತ್ತಲಿಲ್ಲ.

2023ರ ನವೆಂಬರ್ ಕೊನೆಯ ವಾರ ಮತ್ತೆ ಮುಷ್ಕರ ಶುರುವಾದಾಗ ಮುಖ್ಯ ಬೇಡಿಕೆ ದುಡ್ಡಾಗಿರಲಿಲ್ಲ, ಸೇವಾ ಭದ್ರತೆ ಆಗಿತ್ತು. ಡಿಸೆಂಬರ್ ಕೊನೆಗೆ ಸಚಿವ ಎಂ.ಸಿ. ಸುಧಾಕರ್ ಘೋಷಿಸಿದ್ದು: ಸೇವಾವಧಿ ನೋಡಿ 5,000ದಿಂದ 8,000 ರೂಪಾಯಿ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ವರ್ಷಕ್ಕೆ ನಿವೃತ್ತರಾದಾಗ 5 ಲಕ್ಷದ ಇಡುಗಂಟು. ಇವು ಸಣ್ಣ ಗೆಲುವುಗಳಲ್ಲ. ಆದರೂ 2024ರ ಹೊಸ ವರ್ಷದ ದಿನ ಉಪನ್ಯಾಸಕರು ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿನ ಕಡೆ ಪಾದಯಾತ್ರೆ ಹೊರಟರು. ಕೇಳಿದ್ದು ಕಾಯಂ, ಸಿಕ್ಕಿದ್ದು ಕಾಸು.

ಕಾಯಂ ಯಾಕಾಗಲ್ಲ ಅಂದ್ರೆ ಎಲ್ಲರೂ ಉಮಾದೇವಿ ಪ್ರಕರಣ ತೋರಿಸ್ತಾರೆ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2006ರ ಏಪ್ರಿಲ್‌ನಲ್ಲಿ ತೀರ್ಪಾದ ಪ್ರಕರಣ ಅದು. ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರು ಕಾಯಮಾತಿಯನ್ನ ಹಕ್ಕಾಗಿ ಕೇಳುವಂತಿಲ್ಲ ಅಂತ ಕೋರ್ಟ್ ಹೇಳಿತು. ಸರಿ, ಕಾಯಂ ಕಷ್ಟವೇ ಇರಲಿ. ಸಂಬಳದ ಕಥೆ ಬೇರೆ. 2025ರ ಆಗಸ್ಟ್‌ನಲ್ಲಿ ಅದೇ ಸುಪ್ರೀಂ ಕೋರ್ಟ್, ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ವೇತನಶ್ರೇಣಿಯ ಕನಿಷ್ಠ ಮೊತ್ತ ಕೊಡಬೇಕು ಅಂತ ಹೇಳಿದೆ. ಯುಜಿಸಿ 2019ರಲ್ಲೇ ಅತಿಥಿ ಬೋಧಕರಿಗೆ ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಅಂತ ನಿಗದಿ ಮಾಡಿತ್ತು. ಅಕ್ಕನ ಈಗಿನ 39,000ವನ್ನ 60 ಗಂಟೆಗೆ ಭಾಗಿಸಿ ನೋಡಿ. ಗಂಟೆಗೆ 650.

ಕಾಯಂ ಆಗೋವರೆಗೂ ಮಾಡಬಹುದಾದ ಕೆಲಸಗಳಿವೆ. ಹನ್ನೆರಡು ತಿಂಗಳೂ ಸಂಬಳ ಕೊಡಬಹುದು. ವರ್ಷ ವರ್ಷ ಹೊಸ ಅರ್ಜಿಯ ಬದಲು ಮೂರು ವರ್ಷ ಅಥವಾ ಐದು ವರ್ಷದ ಒಪ್ಪಂದ ಮಾಡಬಹುದು. ಗಂಟೆ ಹೆಚ್ಚಿಸೋ ಮೊದಲು ಎಷ್ಟು ಜನ ಹೊರಗೆ ಹೋಗ್ತಾರೆ ಅನ್ನೋ ಲೆಕ್ಕವನ್ನ ಮಾತುಕತೆಯ ಮೇಜಿನ ಮೇಲೇ ಇಡಬಹುದು.

ನಾವು ಆಫರ್ ಲೆಟರ್ ಬಂದ್ರೆ ಮೊದಲು ಸಿಟಿಸಿ ನೋಡ್ತೀವಿ, ಆಮೇಲೆ ಷರತ್ತು. ಅಕ್ಕನನ್ನ ನೋಡಿದ ಮೇಲೆ ನಾನು ಷರತ್ತನ್ನೇ ಮೊದಲು ಓದ್ತೀನಿ. ನಿಮ್ಮ ಮನೆಯಲ್ಲೂ ಒಬ್ಬ ‘ಅತಿಥಿ’ ಮೇಷ್ಟ್ರೋ ಮೇಡಮ್ಮೋ ಇದ್ದರೆ, ಎಷ್ಟು ಸಂಬಳ ಅಂತ ಕೇಳೋದರ ಜೊತೆಗೆ, ಎಷ್ಟು ತಿಂಗಳು ಬರುತ್ತೆ ಅಂತಲೂ ಕೇಳಿ ನೋಡಿ.