ವರ್ತಮಾನಕಾಲದ ಹುಟ್ಟು: ಕನ್ನಡ ಕ್ರಿಯಾರೂಪಗಳ ಚರಿತ್ರೆಯ ಒಂದು ಎಳೆ

ಚೆನ್ನೈಯಲ್ಲಿ ತಮಿಳು ಬಲ್ಲವರಿಗೆ ಕನ್ನಡ ಕಲಿಸುವಾಗ ಮೊದಮೊದಲೇ ಎದುರಾಗುವ ತೊಡಕೊಂದುಂಟು. ತಮಿಳಿನ ‘ಕೊಡುತ್ತಾರ್’ ಎಂದರೆ ‘ಕೊಟ್ಟರು’. ಕನ್ನಡದ ‘ಕೊಡುತ್ತಾರೆ’ ಎಂದರೆ ಈಗ ಕೊಡುವ ಕ್ರಿಯೆ. ಕಿವಿಗೆ ಒಂದೇ ಎನಿಸುವ ಈ ಎರಡು ರೂಪಗಳು ಕಾಲದ ದೃಷ್ಟಿಯಿಂದ ಬೇರೆ ಬೇರೆ. ತಮಿಳಿನ ‘ತ್ತ್’ ಭೂತಕಾಲದ ಪ್ರತ್ಯಯ. ಕನ್ನಡದ ‘ಉತ್ತ’ ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುವ ಕೃದಂತಾವ್ಯಯದ ಪ್ರತ್ಯಯ. 1816ರಲ್ಲಿ ಇದೇ ನಗರದಲ್ಲಿ ಎಫ್.ಡಬ್ಲ್ಯು. ಎಲ್ಲಿಸ್ ಅವರು ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನೂ ಪದಗಳನ್ನೂ ಅಕ್ಕಪಕ್ಕದಲ್ಲಿಟ್ಟು ಅವುಗಳ ಬಾಂಧವ್ಯವನ್ನು ತೋರಿಸಿದರು. ಧಾತುಗಳಿಗೆ ಒಪ್ಪುವ ಈ ಹೋಲಿಕೆ ಕಾಲರೂಪಗಳಿಗೆ ನೇರವಾಗಿ ಒಪ್ಪುವುದಿಲ್ಲ. ಅವುಗಳ ಚರಿತ್ರೆಯನ್ನು ಅರಿಯದೆ ಮಾಡಿದ ಹೋಲಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ಕ್ರಿ.ಶ. 5ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸುವ ಹಲ್ಮಿಡಿ ಶಾಸನದಲ್ಲಿ ‘ಕೊಟ್ಟಾರ್’ ಎಂಬ ರೂಪವಿದೆ. ಇದರ ದೀರ್ಘ ‘ಆರ್’ ತಮಿಳಿನಲ್ಲಿ ಇಂದಿಗೂ ಉಳಿದಿದೆ. ಕನ್ನಡದಲ್ಲಿ ಅದು ಹ್ರಸ್ವವಾಗಿ ‘ಕೊಟ್ಟರ್’ ಎಂದೂ ಮುಂದೆ ‘ಕೊಟ್ಟರು’ ಎಂದೂ ಆಯಿತು. ಭೂತಕಾಲದ ಈ ರೂಪದಲ್ಲಿ ಪುರುಷಪ್ರತ್ಯಯ ಬದಲಾದರೂ ಒಡಲು ಬದಲಾಗಲಿಲ್ಲ. ವರ್ತಮಾನಕಾಲದ ಕಥೆ ಹಾಗಲ್ಲ.

ಸುಮಾರು 1260ರ ಕೇಶಿರಾಜನ ‘ಶಬ್ದಮಣಿದರ್ಪಣ’ವು ಭೂತಕ್ಕೆ ‘ದ’, ಭವಿಷ್ಯತ್ತಿಗೆ ‘ವ’, ವರ್ತಮಾನಕ್ಕೆ ‘ದಪ’ ಎಂಬ ಪ್ರತ್ಯಯಗಳನ್ನು ಹೇಳುತ್ತದೆ: ಮಾಡಿದಂ, ಮಾಡುವಂ, ಮಾಡಿದಪಂ. ಮೊದಲಿನವೆರಡು ಸರಳ ರೂಪಗಳು. ಮೂರನೆಯದು ಮಾತ್ರ ನೋಡಿದೊಡನೆಯೇ ಕೂಡಿಕೆಯೆಂದು ತಿಳಿಯುತ್ತದೆ. ಭೂತಕಾಲದ ‘ದ’ಕಾರದ ಮೇಲೆ ‘ಆಗು’ ಧಾತುವಿನ ‘ಅಪ’ ಸೇರಿ ಇದು ಸಿದ್ಧವಾಯಿತೆಂದು ವಿವರಿಸುವುದುಂಟು. ಈ ವಿವರಣೆಯನ್ನು ಒಪ್ಪಿದರೆ ಹಿಂದಿನ ವ್ಯವಸ್ಥೆಯಲ್ಲಿ ಭೂತ, ಭೂತೇತರ ಎಂಬ ಎರಡೇ ಕಾಲಗಳಿದ್ದುವೆಂದೂ ವರ್ತಮಾನವು ಸಹಾಯಕ ಕ್ರಿಯೆಯ ನೆರವಿನಿಂದ ಅನಂತರ ಹುಟ್ಟಿತೆಂದೂ ಊಹಿಸಬಹುದು.

‘ದಪ’ ಬಹುಕಾಲ ನಿಲ್ಲಲಿಲ್ಲ. ಪಕಾರವು ಹಕಾರವಾಗುವ ವ್ಯಾಪಕ ಧ್ವನಿವ್ಯತ್ಯಾಸಕ್ಕೆ ಸಿಕ್ಕಿ ನಡುಗನ್ನಡದಲ್ಲಿ ಅದು ‘ದಹ’ ಆಯಿತು. ‘ಬಂದಪೆಂ’ ಎಂಬುದು ‘ಬಂದಹೆನು’ ಎಂದಾಯಿತು. ಹೀಗೆ ಸವೆದ ರೂಪದ ಪಕ್ಕದಲ್ಲೇ ಮತ್ತೊಂದು ಕೂಡಿಕೆ ಬೆಳೆಯುತ್ತಿತ್ತು: ‘ಉತ್ತ’ ಪ್ರತ್ಯಯಾಂತದೊಡನೆ ‘ಇರ್’ ಧಾತು. ಮಾಡುತಿರ್ಪಂ, ಮಾಡುತಿಪ್ಪನು, ಮಾಡುತಿಹನು ಎಂಬ ಸಾಲು ಅದರ ನಡೆಯನ್ನು ತೋರಿಸುತ್ತದೆ. ಹೊಸಗನ್ನಡದ ‘ಮಾಡುತ್ತಿದ್ದಾನೆ’, ‘ಮಾಡುತ್ತಾನೆ’ ಎಂಬ ರೂಪಗಳ ಬುಡವೂ ಈ ‘ಉತ್ತ’ವೇ. ಇಂದು ‘ನಾಳೆ ಬರುತ್ತಾನೆ’ ಎನ್ನುವಾಗ ಆ ವರ್ತಮಾನವೇ ಭವಿಷ್ಯತ್ತಿನ ಹೊರೆಯನ್ನೂ ಹೊರುತ್ತಿದೆ. ‘ಬರುವನು’ ಎಂಬುದು ಬಹುಮಟ್ಟಿಗೆ ಗ್ರಂಥಸ್ಥ ರೂಪ. ಎರಡು ಕಾಲಗಳ ಹಳೆಯ ವ್ಯವಸ್ಥೆ ಹೊಸ ಉಡುಗೆ ತೊಟ್ಟು ಮರಳಿ ಬಂದಂತಿದೆ.

ಇದು ಕನ್ನಡವೊಂದರ ವಿಶೇಷವಲ್ಲ. ತಮಿಳಿನ ವರ್ತಮಾನಸೂಚಕ ‘ಕಿಱ್’, ‘ಕಿನ್ಱ್’ಗಳು ಸಂಘಂ ಸಾಹಿತ್ಯದಲ್ಲಿ ವಿರಳ, ಅವು ಬಳಕೆಗೆ ಬಂದುದು ಅನಂತರ. ತೆಲುಗಿನ ‘ಚೇಸ್ತುನ್ನಾಡು’ ‘ಚೇಸ್ತೂ’, ‘ಉನ್ನಾಡು’ಗಳ ಕೂಡಿಕೆ. ಸೋದರ ಭಾಷೆಗಳು ಭೂತಕಾಲವನ್ನು ಪಿತ್ರಾರ್ಜಿತವಾಗಿ ಪಡೆದುವು. ವರ್ತಮಾನವನ್ನು ಒಂದೊಂದೂ ತಾನೇ ಸಂಪಾದಿಸಿಕೊಂಡಿತು. ದಕ್ಷಿಣ ಫ್ರಾನ್ಸಿನ ಆಕ್ಸಿಟಾನ್ ಭಾಷೆಯಲ್ಲಿಯೂ ಇಂತಹ ಬೆಳವಣಿಗೆ ನಡೆದಿದೆ. ಲ್ಯಾಟಿನ್ನಿನ ಹಳೆಯ ಭವಿಷ್ಯದ್ರೂಪ ಅಳಿದಾಗ ಅಲ್ಲಿ ‘ಕಂತಾರ್’ (ಹಾಡಲು), ‘ಆಯ್’ (ನನಗುಂಟು) ಕೂಡಿ ‘ಕಂತರಾಯ್’ (ಹಾಡುವೆನು) ಎಂಬ ಹೊಸ ರೂಪ ಹುಟ್ಟಿತು. ಹಳೆಯ ಪಠ್ಯಗಳಲ್ಲಿ ಈ ಎರಡರ ನಡುವೆ ಸರ್ವನಾಮವನ್ನು ಇರಿಸುವುದೂ ಉಂಟು. ಬೆಸುಗೆ ಆಗ ಇನ್ನೂ ಹಸಿಯಾಗಿತ್ತು. ಆ ಭಾಷೆಯ ಕ್ರಿಯಾರೂಪಗಳನ್ನು ಪಟ್ಟಿಮಾಡಿದ ಊಕ್ ಫೈದಿತನ ವ್ಯಾಕರಣ ಸುಮಾರು 1240ರದು, ಎಂದರೆ ಕೇಶಿರಾಜನಿಗೆ ಹೆಚ್ಚುಕಡಮೆ ಸಮಕಾಲೀನವಾದುದು. ಕಾವ್ಯಭಾಷೆ ಆಡುಮಾತಿನಿಂದ ದೂರ ಸರಿಯುವ ಹೊತ್ತಿನಲ್ಲಿ ಅದರ ರೂಪಗಳನ್ನು ಕಾಪಾಡಲು ವೈಯಾಕರಣ ಮುಂದಾಗುವನೆಂಬುದಕ್ಕೆ ಇವೆರಡೂ ಸಾಕ್ಷಿ.

ಈ ಚರಿತ್ರೆಯಿಂದ ಸಂಶೋಧಕರಿಗೆ ಆಗುವ ಪ್ರಯೋಜನವೇನು? ಕೃತಿಯೊಂದರ ಕಾಲವನ್ನು ನಿರ್ಣಯಿಸುವಾಗ ಕ್ರಿಯಾರೂಪವನ್ನು ಆಧಾರವಾಗಿ ಹಿಡಿಯುವುದು ರೂಢಿ. ಆ ಆಧಾರ ಎಷ್ಟು ಗಟ್ಟಿ ಎಂಬುದು ಪ್ರಶ್ನೆ. ‘ದಪ’, ‘ದಹ’ಗಳ ಮಾತ್ರಾಸಂಖ್ಯೆ ಒಂದೇ; ಲಿಪಿಕಾರನು ಒಂದರ ಬದಲು ಇನ್ನೊಂದನ್ನು ಬರೆದರೆ ಛಂದಸ್ಸು ಅವನನ್ನು ತಡೆಯುವುದಿಲ್ಲ. ಪಕಾರವು ಪ್ರಾಸಸ್ಥಾನದಲ್ಲಿ ಬಂದಾಗ ಮಾತ್ರ ಅದಕ್ಕೆ ರಕ್ಷಣೆ, ಅದು ವಿರಳ. ಗದ್ಯಕ್ಕೆ ಆ ರಕ್ಷಣೆಯೂ ಇಲ್ಲ. 12ನೆಯ ಶತಮಾನದ ವಚನಗಳ ಓಲೆಪ್ರತಿಗಳಲ್ಲಿ ನಮಗೆ ದೊರೆತವು ಬಹುಮಟ್ಟಿಗೆ 15ನೆಯ ಶತಮಾನದವು ಅಥವಾ ಅನಂತರದವು. ಆದ್ದರಿಂದ ಅಚ್ಚಾದ ವಚನದಲ್ಲಿ ಕಾಣುವ ಒಂದು ವರ್ತಮಾನರೂಪವನ್ನು ಬಸವಣ್ಣನವರ ಕಾಲದ ಆಡುಮಾತೆಂದು ಉದಾಹರಿಸುವುದು ಅವಸರದ ತೀರ್ಮಾನ. ಕಾಲ ಖಚಿತವಾದ ಶಾಸನಗಳೇ ಇಲ್ಲಿ ಒರೆಗಲ್ಲು. ಆದರೆ ದಾನಶಾಸನದ ಸಹಜ ಮಾತು ‘ಕೊಟ್ಟಂ’. ವರ್ತಮಾನರೂಪಕ್ಕೆ ಅಲ್ಲಿ ಅವಕಾಶ ಕಡಮೆ. ಆದಕಾರಣ ಶಾಸನ, ಓಲೆಪ್ರತಿ, ವ್ಯಾಕರಣ ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದು ಅನಿವಾರ್ಯ.

ರಾಜ್ಯದ ಹೊರಗಿರುವ ಅಭ್ಯಾಸಿಗಳಿಗೆ ಈ ಕೆಲಸ ಅಸಾಧ್ಯವೇನಲ್ಲ. ಕಿಟೆಲ್ಲರ 1894ರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಸಂಪುಟಗಳು ಮದರಾಸು ವಿಶ್ವವಿದ್ಯಾನಿಲಯದಿಂದಲೇ 1968ರಿಂದ 1971ರವರೆಗೆ ಹೊರಬಂದುವು. ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಕನ್ನಡದ ಪ್ರತಿಗಳೂ ಇವೆ. ಅಚ್ಚಿನ ಪಾಠದಲ್ಲಿ ‘ದಹ’ ಕಂಡಾಗ ಪ್ರತಿಯಲ್ಲಿ ಏನಿದೆಯೆಂದು ಒಮ್ಮೆ ತೆರೆದು ನೋಡುವುದು, ಅಲ್ಲಿ ‘ದಪ’ ಇದ್ದರೆ ಅದನ್ನು ಪಾಠಾಂತರವಾಗಿ ಗುರುತಿಸಿಡುವುದು, ಇಷ್ಟನ್ನು ನಾವು ರೂಢಿಸಿಕೊಂಡರೆ ಕನ್ನಡ ಕ್ರಿಯಾಪದದ ಚರಿತ್ರೆ ಇನ್ನಷ್ಟು ಗಟ್ಟಿಯಾದ ನೆಲೆಯ ಮೇಲೆ ನಿಲ್ಲುತ್ತದೆ.